ದಯವಿಟ್ಟು ನಾಲ್ಕನೇ ರಿಲೇ ಕಳಿಸಬೇಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ರೇಸ್ ಕಾರಿಗೆಂದು ಕೊಂಡ ರಿಲೇ ವೈರಿಂಗ್ ಕಿಟ್‌ನ ದೋಷ ಮತ್ತು ಅದರ ಜೊತೆ ಬಂದ ತಪ್ಪು ಚಿತ್ರದ ಬಗ್ಗೆ

ಮಾನ್ಯರೇ,

ಮೂರು ತಿಂಗಳ ಹಿಂದೆ ನಿಮ್ಮಿಂದ ನಾಲ್ಕು ರಿಲೇಗಳ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚುಗಳ, ರೆಡಿಮೇಡ್ ವೈರಿಂಗ್ ಕಿಟ್ ತರಿಸಿದ್ದೆ. 7,400 ರೂಪಾಯಿ. ಬಿಲ್ಲಿನ ಪ್ರತಿ ಇದರ ಜೊತೆಗಿದೆ. ನಾನು ದೂರು ಹೇಳಿದಾಗಲೆಲ್ಲ ನೀವು ಒಂದೊಂದು ಹೊಸ ರಿಲೇ ಕೊರಿಯರ್ ಮಾಡಿದ್ದೀರಿ. ಈಗ ನನ್ನ ಮೇಜಿನ ಮೇಲೆ ಅಂಥವು ಮೂರು ಇವೆ. ಮೂರೂ ಚೆನ್ನಾಗಿವೆ. ಕಿಟ್ ಜೊತೆ ಬಂದದ್ದೂ ಚೆನ್ನಾಗಿಯೇ ಇತ್ತು. ತೊಂದರೆ ರಿಲೇಯಲ್ಲಿ ಇಲ್ಲ ಸ್ವಾಮಿ. ಅದನ್ನು ಫೋನಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ, ಅದಕ್ಕೇ ಈ ಪತ್ರ.

ನನ್ನದು ಹಳೇ ಕಾಂಟೆಸ್ಸಾ. 1.8 ಲೀಟರ್ ಇಸುಜು ಎಂಜಿನ್, ಅದಕ್ಕೆ ಫ್ಯೂಯಲ್ ಇಂಜೆಕ್ಷನ್ ಕೂರಿಸಿದ್ದೇನೆ. ಹಿಂದಿನ ಚಕ್ರಗಳ ಮೇಲೆ ಭಾರ ಬೀಳಲಿ ಅಂತ ಬ್ಯಾಟರಿಯನ್ನು ಡಿಕ್ಕಿಗೆ ಹಾಕಿದ್ದೇನೆ. ನೇರ ರಸ್ತೆಯ 402 ಮೀಟರ್ ಡ್ರ್ಯಾಗ್ ಓಟಕ್ಕೆ ಅಂತಲೇ ಇಟ್ಟಿರುವ ಗಾಡಿ ಇದು. ನಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಮಣ್ಣು ದಾರಿಯಲ್ಲಿ ರ‍್ಯಾಲಿ ಓಡಿಸುವವರು ಬೇಕಾದಷ್ಟಿದ್ದಾರೆ. ಡ್ರ್ಯಾಗ್ ಅಂದರೆ ಮಾತ್ರ ನಗುತ್ತಾರೆ. ‘ಈ ಘಟ್ಟದಲ್ಲಿ ನಿಂಗೆ ನೇರ ರಸ್ತೆ ಎಲ್ಲಿ ಸಿಕ್ತು ಮಾರಾಯ?’ ಅಂತ. ಅದಿರಲಿ.

ಮೊದಲ ತೊಂದರೆ ಫ್ಯೂಯಲ್ ಪಂಪಿನದು. ಗಾಡಿ ಲೈನಿನಿಂದ ನೆಗೆಯುತ್ತಿತ್ತು, ಎರಡನೇ ಗೇರಿಗೆ ಬಿದ್ದ ತಕ್ಷಣ ಮುಗ್ಗರಿಸುತ್ತಿತ್ತು. ಮನೆಯಲ್ಲಿ ನಿಲ್ಲಿಸಿ ರೇಸ್ ಮಾಡಿದರೆ ಏನೂ ಇಲ್ಲ. ನೀವು ರಿಲೇ ಬದಲಿಸಿ ಅಂದಿರಿ, ಬದಲಿಸಿದೆ. ಮತ್ತೆ ಅದೇ. ಕೊನೆಗೆ ಒಂದು ಸಂಜೆ ರಿಲೇಯನ್ನೇ ಕಿತ್ತು ಪಕ್ಕಕ್ಕಿಟ್ಟೆ. ಸಾಕೆಟ್ಟಿನ 30 ಮತ್ತು 87ನೇ ಪಿನ್ನಿನ ನಡುವೆ ದಪ್ಪ ತಾಮ್ರದ ತಂತಿ ಸಿಕ್ಕಿಸಿದೆ. ಈಗ ರಿಲೇಯೇ ಇಲ್ಲ, ಕರೆಂಟ್ ನೇರ ಹೋಗಬೇಕು. ಆದರೂ ಪಂಪು ಅದೇ ಸೊರಗಿದ ದನಿಯಲ್ಲಿ ಗುಂಯ್ ಅನ್ನುತ್ತಿತ್ತು. ಇಲ್ಲದ ರಿಲೇ ಕೆಟ್ಟಿರುವುದು ಹೇಗೆ, ನೀವೇ ಹೇಳಿ.

ಆಮೇಲೆ ಮೀಟರ್ ಹಿಡಿದು ಕೂತೆ. ಎಂಜಿನ್ ಓಡುತ್ತಿತ್ತು, ಪಂಪು 9 ಆಂಪಿಯರ್ ಎಳೆಯುತ್ತಿತ್ತು. ನಿಮ್ಮ ರಿಲೇ ಬೋರ್ಡಿಗೆ ಕರೆಂಟ್ ಬರುವ ಬೋಲ್ಟಿನ ಹತ್ತಿರ 13.8 ವೋಲ್ಟ್. ಪಂಪಿನ ಬಾಯಲ್ಲಿ 10.9. ನಡುವೆ 2.9 ವೋಲ್ಟ್ ಯಾರು ತಿಂದರು? ರಿಲೇ ಮತ್ತೆ ಹಾಕಿ ಅದರ ಕಾಂಟ್ಯಾಕ್ಟಿನ ಆಚೆ ಈಚೆ ನೋಡಿದೆ, ಬರೀ 0.1. ಮೀಟರಿನ ಒಂದು ಸೂಜಿಯನ್ನು 87ನೇ ಪಿನ್ನಿಗೆ, ಇನ್ನೊಂದನ್ನು ಲಗ್ಗಿನಿಂದ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ತುಂಡು) ಒಂದಿಂಚು ಆಚೆ ತಂತಿಯೊಳಕ್ಕೆ ಚುಚ್ಚಿದೆ. 1.9 ವೋಲ್ಟ್! ಆ ಒಂದು ಬೆರಳ ತುದಿಯಷ್ಟು ಜಾಗದಲ್ಲಿ. ಲೆಕ್ಕ ಹಾಕಿ, ಸುಮಾರು 17 ವಾಟ್. ಹೆಚ್ಚುಕಮ್ಮಿ ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನು ನೀವು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಕೂರಿಸಿ ಮಾರಿದ್ದೀರಿ.

ಸಾಕೆಟ್ ಬಿಚ್ಚಿದೆ. 87ರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಲಗ್ಗಿನ ಹಲ್ಲು ತಂತಿಯ ಮೇಲೆ ಕಚ್ಚಿಯೇ ಇಲ್ಲ, ಮೇಲಿನ ರಬ್ಬರನ್ನು ಕಚ್ಚಿಕೊಂಡಿದೆ. ಒಳಗೆ ನಾಲ್ಕೈದು ಎಳೆ ಮಾತ್ರ ಹೇಗೋ ತಾಗಿಕೊಂಡಿವೆ. ಗಾಡಿ ನಿಂತಾಗ ಇಷ್ಟಾದರೂ ತಾಗುತ್ತದೆ, ನೆಗೆಯುವಾಗ ಅದೂ ಬಿಡುತ್ತದೆ. ತಂತಿಯ ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ! ಡಬ್ಬದ ಮೇಲೆ ‘ಶುದ್ಧ ತಾಮ್ರ’ ಅಂತ ಇದೆ. ಉಳಿದ 0.9 ವೋಲ್ಟ್ ಹೋದದ್ದು ಅಲ್ಲಿ. ಫೋಟೋ ಕಳಿಸಿದ್ದೇನೆ, ಬ್ಲೇಡ್ ಕೂಡ ಕಾಣುತ್ತದೆ.

ನಿಮ್ಮ ಹುಡುಗ ಫೋನಿನಲ್ಲಿ ‘ಕರೆಂಟ್ ಕೆಲಸ ಗೊತ್ತಿರುವವರ ಹತ್ತಿರ ಹಾಕಿಸಿ ಸಾರ್’ ಅಂದ. ತೋಟದ ಪಲ್ಪರ್ ಮೋಟಾರು, ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷದಿಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕೊಟ್ಟ ಹಾಳೆಯನ್ನು ಅವನು ಓದಿದ. ಆದರೆ ಇಂಜೆಕ್ಷನ್ ಗಾಡಿಯಲ್ಲಿ ಪಂಪು ಸೊರಗಿದರೆ ಪೂರ್ತಿ ಆಕ್ಸಿಲರೇಟರ್ ಒತ್ತಿರುವಾಗ ಪೆಟ್ರೋಲ್ ಕಡಿಮೆ ಬಿದ್ದು ಪಿಸ್ಟನ್ನೇ ಸುಡಬಹುದು. ನನ್ನದು ಉಳಿದದ್ದು ಅದೃಷ್ಟ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಓಟಕ್ಕೆ ಮುಂಚೆ ಗಾಡಿ ತಪಾಸಣೆ ಇರುತ್ತದೆ. ತಪಾಸಣೆಯವರು ಹಿಂದೆ ಬಂದು, ಬ್ಯಾಟರಿ ಕಳಚುವ ಕಟ್‌ಆಫ್ ಸ್ವಿಚ್ಚಿನ ಹಿಡಿ ತಿರುಗಿಸಿದರು. ಎಂಜಿನ್ ನಿಲ್ಲಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಆಗಲೂ ಆರಾಮಾಗಿ ಓಡುತ್ತಿದೆ! ನನ್ನ ಅಕ್ಕನ ಮಗ ನಗು ತಡೆಯಲಾರದೆ ಆಚೆ ತಿರುಗಿದ. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಗಾಡಿಯನ್ನು ವಾಪಸ್ ಟ್ರಕ್ಕಿಗೆ ಹತ್ತಿಸಿದೆವು. ಎಂಟ್ರಿ ಫೀಸು 3,500 ಹೋಯಿತು.

ತಪ್ಪು ಕಿಟ್ ಜೊತೆ ಬಂದ ನಿಮ್ಮ ಹಾಳೆಯ ಎರಡನೇ ಚಿತ್ರದಲ್ಲಿದೆ. ಆಲ್ಟರ್ನೇಟರಿನ ದಪ್ಪ ತಂತಿಯನ್ನು ರಿಲೇ ಬೋರ್ಡಿನ ಬೋಲ್ಟಿಗೆ ಹಾಕಿ ಅಂತ ತೋರಿಸಿದ್ದೀರಿ. ಸ್ವಿಚ್ ಆಫ್ ಮಾಡಿದಾಗ ಬ್ಯಾಟರಿ ಕಳಚಿಕೊಳ್ಳುತ್ತದೆ, ಸರಿ. ಆದರೆ ತಿರುಗುತ್ತಿರುವ ಆಲ್ಟರ್ನೇಟರು ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಪಂಪು, ಇಗ್ನಿಷನ್ ಎಲ್ಲಾ ಜೀವಂತ. ಆ ತಂತಿ ಫ್ಯೂಸ್ ಸಮೇತ ಸ್ವಿಚ್ಚಿನ ಬ್ಯಾಟರಿ ಬದಿಗೆ ಹೋಗಬೇಕು. ನಾನು ಡಿಕ್ಕಿವರೆಗೆ ಬೇರೆ ಕೇಬಲ್ ಎಳೆದು ಹಾಗೇ ಮಾಡಿದೆ. ಈಗ ಹಿಡಿ ತಿರುಗಿಸಿದ ಕ್ಷಣ ಎಂಜಿನ್ ಸತ್ತುಹೋಗುತ್ತದೆ. ಗಾಡಿ ಮಗುಚಿ ಪೆಟ್ರೋಲ್ ಸೋರುತ್ತಿರುವಾಗ ಹೊರಗಿನವರು ಓಡಿಬಂದು ತಿರುಗಿಸುವ ಹಿಡಿ ಅದು. ಅಲಂಕಾರಕ್ಕೆ ಇಟ್ಟಿದ್ದಲ್ಲ ಅಲ್ವಾ?

ಕಿಟ್‌ನ 7,400 ರೂಪಾಯಿ ವಾಪಸ್ ಕೊಡಿ. ಎಂಟ್ರಿ ಫೀಸನ್ನೂ ಕೊಟ್ಟರೆ ನ್ಯಾಯ. ಅದಕ್ಕಿಂತ ಮುಖ್ಯ, ಆ ಎರಡನೇ ಚಿತ್ರವನ್ನು ಇವತ್ತೇ ನಿಲ್ಲಿಸಿ, ಈ ಕಿಟ್ ಕೊಂಡ ಪ್ರತಿಯೊಬ್ಬರಿಗೂ ಫೋನ್ ಮಾಡಿ ತಿಳಿಸಿ. ಎಲ್ಲರ ನಂಬರೂ ನಿಮ್ಮ ಹತ್ತಿರ ಇದೆ, ಹಬ್ಬದ ಆಫರಿನ ಮೆಸೇಜು ಮಾತ್ರ ತಪ್ಪದೆ ಬರುತ್ತದೆ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಲ್ಲೇ ನಮ್ಮ ಜಿಲ್ಲಾ ಆಯೋಗದಲ್ಲಿ ಕೇಸು ಹಾಕಬಹುದು, ಅದಕ್ಕಾಗಿ ನಾನು ಬೆಂಗಳೂರಿಗೆ ಬರಬೇಕಾಗಿಲ್ಲ.

ಕಿಟ್ಟನ್ನು ಸುಟ್ಟ ಸಾಕೆಟ್ ಸಮೇತ ಡಬ್ಬದಲ್ಲಿ ಕಟ್ಟಿಟ್ಟಿದ್ದೇನೆ, ನಿಮ್ಮ ಮೂರು ರಿಲೇಗಳೂ ಅದರಲ್ಲೇ ಇವೆ. ಕೊರಿಯರಿನವರನ್ನು ಮಧ್ಯಾಹ್ನ ಎರಡರ ಮೇಲೆ ಕಳಿಸಿ, ಬೆಳಿಗ್ಗೆ ನಾನು ತೋಟಗಳ ಕಡೆ ಇರುತ್ತೇನೆ.

ಇತಿ,
ನಿಮ್ಮ ಗ್ರಾಹಕ
ಚಿಕ್ಕಮಗಳೂರು