ಭಾನುವಾರದ ಓದು: ಸಿಸೆರೊ, ಮೂರನೇ ಭಾಗ

ಎಲ್ರಿಗೂ ನಮಸ್ಕಾರ 🙏 ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ರೋಮ್‌ನ ಚಿಂತಕ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸಲ್ಲಿ ಓದ್ತಿದ್ದ ಮಗ ಮಾರ್ಕಸ್‌ಗೆ ಅಂತ ಬರೆದ ‘ಡಿ ಆಫಿಸಿಯಿಸ್’ (ಕರ್ತವ್ಯಗಳ ಬಗ್ಗೆ ಇರೋ ಪುಸ್ತಕ), ಅದರ ಮೂರನೇ ಭಾಗ ಮಾತ್ರ. ಮೊದಲೆರಡು ಓದಿಲ್ದೋರೂ ಬನ್ನಿ, ನನ್ನ ಕೇಳಿದ್ರೆ ಮಜಾ ಇರೋದೇ ಇದ್ರಲ್ಲಿ.

ಧಾನ್ಯದ ವ್ಯಾಪಾರಿ ಕಥೆ ಮಾತ್ರ ತಪ್ಪದೆ ಓದ್ಕೊಂಡು ಬನ್ನಿ. ರೋಡ್ಸ್ ದ್ವೀಪದಲ್ಲಿ ಬರ, ರೇಟು ಸಿಕ್ಕಾಪಟ್ಟೆ ಏರಿದೆ, ಅಲೆಕ್ಸಾಂಡ್ರಿಯಾದಿಂದ ಒಬ್ಬ ಹಡಗು ತುಂಬ ಧಾನ್ಯ ತಂದಿದಾನೆ, ಹಿಂದೆ ಇನ್ನೂ ಹಡಗುಗಳು ಬರ್ತಿರೋದನ್ನ ಕಣ್ಣಾರೆ ನೋಡಿದಾನೆ, ಈಗ ಅದನ್ನ ಜನಕ್ಕೆ ಹೇಳ್ಬೇಕಾ ಇಲ್ಲಾ ಸುಮ್ನಿದ್ದು ಒಳ್ಳೆ ರೇಟಿಗೆ ಮಾರ್ಕೋಬಹುದಾ? ಬ್ಯಾಬಿಲೋನಿನ ತತ್ವಜ್ಞಾನಿ ಡಯೋಜಿನಿಸ್ (ಪೀಪಾಯಿಲಿ ವಾಸ ಮಾಡ್ತಿದ್ದ ಫೇಮಸ್ ಡಯೋಜಿನಿಸ್ ಅಲ್ಲ, ಇವನೇ ಬೇರೆ) ಕಾನೂನು ಕೇಳಿದಷ್ಟು ಹೇಳಿದ್ರೆ ಸಾಕು ಅಂತಾನೆ, ಅವನ ಶಿಷ್ಯ ಆಂಟಿಪೇಟರ್ ಎಲ್ಲಾ ಹೇಳ್ಲೇಬೇಕು ಅಂತಾನೆ. ಸಿಸೆರೊ ಶಿಷ್ಯನ ಕಡೆ. ಪಕ್ಕದಲ್ಲೇ ದೋಷ ಮುಚ್ಚಿಟ್ಟು ಮನೆ ಮಾರೋನ ಕಥೆನೂ ಇದೆ, ಸೈಟು ವ್ಯವಹಾರ ಮಾಡಿದೋರಿಗೆ ಚೆನ್ನಾಗಿ ಅರ್ಥ ಆಗತ್ತೆ 😄

ಟೈಮ್ ಇದ್ರೆ ರೆಗ್ಯುಲಸ್ (ಶತ್ರುಗಳಿಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ವಾಪಸ್ ಸೆರೆಗೆ ಹೋದ ರೋಮನ್ ಸೇನಾಪತಿ) ಭಾಗ ನೋಡಿ.

ಬರೋರು ಶುಕ್ರವಾರ ರಾತ್ರಿಯೊಳಗೆ ‘ಹೇಳ್ಬೇಕು’ ಅಥವಾ ‘ಬೇಕಿಲ್ಲ’ ಅಂತ ಇಲ್ಲೇ ಟೈಪ್ ಮಾಡಿ, ಅದರ ಮೇಲೆ ಎರಡು ಟೀಮ್ ಮಾಡ್ತೀನಿ. ಅಲ್ಲೀವರೆಗೂ ಗುಡ್ ಮಾರ್ನಿಂಗ್ ಫಾರ್ವರ್ಡ್ ಬೇಡ ಪ್ಲೀಸ್, ಲಿಂಕ್ ಮೇಲೆ ಹೋಗ್ಬಿಟ್ರೆ ಮತ್ತೆ ಎಲ್ರೂ ನನ್ನನ್ನೇ ಕೇಳ್ತೀರಾ.