ಹಜ್ ಶಿಬಿರದಲ್ಲಿ ನಡಿಗೆಯನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಹಜ್‌ಗೆ ಹೊರಡುವವರಿಗಾಗಿ ನಡೆಸುವ ತರಬೇತಿ ಶಿಬಿರಗಳಲ್ಲಿ ದುಆಗಳನ್ನು (ಪ್ರಾರ್ಥನೆಗಳನ್ನು) ಚೆನ್ನಾಗಿ ಕಲಿಸುತ್ತಾರೆ. ಹಜ್‌ನ ಉಡುಗೆಯಾದ ಇಹ್ರಾಮ್ ಉಡುವುದನ್ನೂ ತೋರಿಸುತ್ತಾರೆ. ಆದರೆ ಕಾಲಿಗೆ ಎಷ್ಟು ಕೆಲಸ ಬೀಳುತ್ತದೆ, ಕೈಲಾಗದಿದ್ದರೆ ಏನು ಮಾಡಬಹುದು ಎಂದು ಹೇಳುವುದು ಕಮ್ಮಿ. ಮಕ್ಕಾ ಮುಟ್ಟಿದ ಮೇಲೆ ಪೇಚಾಡುವವರು ಹಿರಿಯರೇ.

ಸುಮ್ನೆ ಲೆಕ್ಕ ಹಾಕಿ ನೋಡಿ. ಮಕ್ಕಾದ ಸಫಾ ಗುಡ್ಡದಿಂದ ಮರ್ವಾ ಗುಡ್ಡದವರೆಗೆ ಏಳು ಸಲ ನಡೆಯಬೇಕು, ಒಂದು ಸಲಕ್ಕೆ ಸುಮಾರು 450 ಮೀಟರ್. ಏಳು ಸಲಕ್ಕೆ 3 ಕಿಲೋಮೀಟರ್ ದಾಟುತ್ತದೆ. ಅದಕ್ಕೂ ಮೊದಲು ತವಾಫ್, ಅಂದರೆ ಕಾಬಾಕ್ಕೆ ಏಳು ಸುತ್ತು, ಮುಗಿದಿರುತ್ತದೆ. ಕೆಳಗೆ ಜನ ಜಾಸ್ತಿ ಎಂದು ಮಸೀದಿಯ ಮೇಲಿನ ಮಹಡಿಗೆ ಹೋದರೆ ನೂಕುನುಗ್ಗಲು ತಪ್ಪುತ್ತದೆ, ಆದರೆ ಒಂದೊಂದು ಸುತ್ತೂ ಉದ್ದವಾಗುತ್ತದೆ. ಆಮೇಲೆ ಮಕ್ಕಾದ ಹೊರಗಿನ ಮಿನಾ, ಅರಫಾತ್, ಮುಝ್ದಲಿಫಾದ ಬಯಲಲ್ಲಿ ಒಂದು ರಾತ್ರಿ, ಮತ್ತೆ ಮಿನಾ. ಸೈತಾನನ ಸಂಕೇತವಾದ ಕಂಬಗಳಿಗೆ ಕಲ್ಲೆಸೆಯಲು ಜಮರಾತ್‌ಗೆ ದಿನಾ ಹೋಗಿಬರಬೇಕು. ಡೇರೆ ದೂರದಲ್ಲಿ ಸಿಕ್ಕಿದರೆ ಅದೊಂದೇ ಸಾಕು, ಕಾಲು ಸೋಲಲು.

2024ರ ಜೂನ್‌ನಲ್ಲಿ ಮಕ್ಕಾದ ಬಿಸಿಲು 51.8 ಡಿಗ್ರಿ ಮುಟ್ಟಿತ್ತು. 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಬಂದು, ನೆರಳಿಲ್ಲದೆ ದೂರ ನಡೆದವರು ಎಂದು ಸೌದಿ ಸರ್ಕಾರ ಹೇಳಿತು. ಹಜ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಮುಂದೆ ಬಿಸಿಲು ಕಮ್ಮಿಯಾದೀತು. ದಾರಿ ಮಾತ್ರ ಕಮ್ಮಿಯಾಗುವುದಿಲ್ಲ.

ನನಗೆ ಬೇಸರ ತರಿಸುವುದು ಇನ್ನೊಂದು. ಧರ್ಮವೇ ಕೊಟ್ಟಿರುವ ರಿಯಾಯಿತಿ ಬಳಸಲು ನಮ್ಮ ಹಿರಿಯರು ಹಿಂಜರಿಯುತ್ತಾರೆ. ಗಾಲಿಕುರ್ಚಿಯಲ್ಲಿ ಕೂತು ತವಾಫ್ ಮಾಡಿದರೆ ಪುಣ್ಯ ಕಮ್ಮಿ ಎಂದು ಯಾರು ಹೇಳಿಕೊಟ್ಟರೋ! ವಿದಾಯದ ಹಜ್‌ನಲ್ಲಿ ಪ್ರವಾದಿಯವರೇ ಒಂಟೆಯ ಮೇಲೆ ಕೂತು ತವಾಫ್ ಮಾಡಿದ್ದು, ಅವರ ನಡೆನುಡಿ ದಾಖಲಿಸಿದ ಹದೀಸ್‌ಗಳಲ್ಲಿದೆ. ಹುಷಾರಿಲ್ಲದ ಪತ್ನಿ ಉಮ್ಮು ಸಲಮಾ ಅವರಿಗೆ, ಜನರ ಹಿಂದಿನಿಂದ ಸವಾರಿಯಲ್ಲೇ ಸುತ್ತು ಹಾಕಲು ಹೇಳಿದರು. ಮೈ ಭಾರವಿದ್ದ ಇನ್ನೊಬ್ಬ ಪತ್ನಿ ಸೌದಾ ಅವರನ್ನು, ಜನಜಂಗುಳಿ ಹೊರಡುವ ಮೊದಲೇ ಮುಝ್ದಲಿಫಾದಿಂದ ಕಳಿಸಿಕೊಟ್ಟರು. ಆ ಕಾಲದಲ್ಲೇ ಹೀಗಿತ್ತು, ಅಲ್ವಾ?

ಕಾಬಾದ ಕಪ್ಪು ಶಿಲೆ ಹಜರುಲ್ ಅಸ್ವದ್‌ಗೆ ಮುತ್ತಿಡಲು ಮೊಣಕೈ ತಿವಿಯುತ್ತಾ ನುಗ್ಗಬೇಕಿಲ್ಲ. ದೂರದಿಂದ ಕೈ ಎತ್ತಿ ಸನ್ನೆ ಮಾಡಿದರೂ ಆಯಿತು. ಅರಫಾತ್‌ನ ಗುಡ್ಡ ಜಬಲ್ ರಹ್ಮಾ ಹತ್ತುವುದು ಕಡ್ಡಾಯವಲ್ಲ, ಅರಫಾತ್‌ನ ಗಡಿಯೊಳಗೆ ಎಲ್ಲಿದ್ದರೂ ಸರಿ. ಕಲ್ಲೆಸೆಯಲು ನಿಜವಾಗಿಯೂ ಆಗದವರ ಪರವಾಗಿ ಬೇರೆಯವರು ಎಸೆಯಬಹುದು. ಇಹ್ರಾಮ್‌ನಲ್ಲಿ ಗಂಡಸರು ಟೋಪಿ ಹಾಕುವಂತಿಲ್ಲ, ಕೊಡೆ ಹಿಡಿಯಬಹುದು. ಇದನ್ನೆಲ್ಲ ಮೌಲಾನಾ ಅವರೇ ವೇದಿಕೆ ಮೇಲೆ ನಿಂತು ಹೇಳಬೇಕು. ಮಗನೋ ಸೊಸೆಯೋ ಹೇಳಿದರೆ ಹಿರಿಯರು ಕೇಳುವುದಿಲ್ಲ.

ಶಿಬಿರ ನಡೆಸುವವರು ಹಜ್‌ಗೆ ಕೆಲವು ತಿಂಗಳು ಮೊದಲೇ ಯಾತ್ರಿಕರಿಂದ ನಡಿಗೆ ಶುರು ಮಾಡಿಸಲಿ. ಅಲ್ಲಿ ಹಾಕುವ ಚಪ್ಪಲಿಯಲ್ಲೇ ನಡೆಸಲಿ, ಹೊಸ ಚಪ್ಪಲಿ ಕಚ್ಚಿದರೆ ಸಕ್ಕರೆ ಕಾಯಿಲೆಯವರ ಗತಿ ಕೇಳಬೇಡಿ. ಮೌಲಾನಾ ಅವರ ಪಕ್ಕದಲ್ಲಿ ಒಬ್ಬ ವೈದ್ಯರನ್ನೂ ಕೂರಿಸಲಿ. ಅಪ್ಪ-ಅಮ್ಮನ ಜೊತೆ ಹೋಗುವ ಮಕ್ಕಳನ್ನೂ ಶಿಬಿರಕ್ಕೆ ಕರೆಸಲಿ. ಗಾಲಿಕುರ್ಚಿ ತಳ್ಳಬೇಕಾದವರು ಅವರೇ ತಾನೇ.

ಇತಿ,
ನಿಮ್ಮ ಓದುಗ