ಕೂಸು ಎದೆಯ ಮೇಲೇ ಇರಲಿ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ಅವ್ವನಿಗೆ ನಮಸ್ಕಾರ.

ಅಣ್ಣ ಕಳಿಸಿದ ಫೋಟೋ ನೋಡಿದೆ. ಕೂಸಿನ ಮೂಗು ಥೇಟ್ ಅಪ್ಪನದೇ. 1,700 ಗ್ರಾಂ ಅಂದರೆ ತೂಕ ಕಡಿಮೆ, ನಿಜ. ಆದರೆ ತಾನಾಗಿ ಉಸಿರಾಡುತ್ತಿದೆ ಎಂದು ಕೇಳಿ ಜೀವ ಬಂದಂತಾಯಿತು.

ಕೂಸನ್ನು ಮೈಗೆ ಮೈ ತಾಗುವಂತೆ ವೈನಿಯ ಬರಿ ಎದೆಗೆ ಕಟ್ಟಿ ಎಂದು ಕಲಬುರಗಿಯ ಡಾಕ್ಟರ್ ಹೇಳಿದರೆ ನೀನು ಬೇಡ ಎಂದೆಯಂತೆ. ಮುಟ್ಟಿದರೆ ನಂಜು, ಎತ್ತಿಕೊಂಡರೆ ಚಟ ಎಂಬ ಹೆದರಿಕೆ ನಿನಗೆ. ಅವ್ವಾ, ದಯವಿಟ್ಟು ಡಾಕ್ಟರ್ ಮಾತು ಕೇಳು. ಇಂಥ ಕೂಸುಗಳ ವಾರ್ಡಿನಲ್ಲೇ ಅಲ್ವಾ ನನ್ನ ಕೆಲಸ? ಇಲ್ಲಿ ಅಪ್ಪಂದಿರೂ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಂಡು ಕೂರುತ್ತಾರೆ.

ಸಣ್ಣ ಕೂಸಿನ ಮೈಯಲ್ಲಿ ಕೊಬ್ಬಿಲ್ಲ, ಬೇಗ ತಣ್ಣಗಾಗುತ್ತದೆ. ತಾಯಿಯ ಮೈಗೆ ಅಂಟಿದರೆ ಬೆಚ್ಚಗಿರುತ್ತದೆ, ಉಸಿರು ಮತ್ತು ಎದೆಬಡಿತ ಹದಕ್ಕೆ ಬರುತ್ತವೆ. ತಾಯಿಗೆ ಹಾಲೂ ಜಾಸ್ತಿ ಬರುತ್ತದೆ. ಇದರಿಂದ ನಂಜು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹುಟ್ಟಿದ ತಕ್ಷಣ ಹೀಗೆ ಮಾಡಿ ನೋಡಿದರು. ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಮೊದಲ 28 ದಿನಗಳಲ್ಲಿ ಸಾಯುವ ಕೂಸುಗಳು ಕಾಲು ಭಾಗ ಕಡಿಮೆಯಾದವು. 2021ರಲ್ಲಿ ಈ ಫಲಿತಾಂಶ ಬಂತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ತಾಸು ಹೀಗೆ ಇಟ್ಟುಕೊಳ್ಳಲು ಹೇಳಿತು.

ಚಟದ ಮಾತಿಗೆ ಬರುತ್ತೇನೆ. ಈ ಪದ್ಧತಿ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಅಲ್ಲಿ 1,800 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರನ್ನು 20 ವರ್ಷದ ನಂತರ ಹುಡುಕಿ ನೋಡಿದರು. ಎದೆಗೆ ಅಂಟಿ ಬೆಳೆದವರು ಶಾಲೆ ತಪ್ಪಿಸಿದ್ದು ಕಡಿಮೆ, ಸಿಟ್ಟು, ಚಡಪಡಿಕೆಯೂ ಕಡಿಮೆ. ಅವರ ಮನೆಯವರು ಮಕ್ಕಳನ್ನು ಹೆಚ್ಚು ಜತನ ಮಾಡಿದ್ದರು. ಬುದ್ಧಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಎದೆಗೆ ಅಪ್ಪಿಕೊಂಡದ್ದರಿಂದ ಯಾರೂ ಕೆಡಲಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಪದ್ಧತಿಯನ್ನು ಹಳ್ಳಿ ಮನೆಗಳವರೆಗೆ ಒಯ್ದಿದ್ದಾರೆ, ಅವ್ವಾ.

ಕೂಸಿಗೆ ಟೋಪಿ, ಲಂಗೋಟಿ ಸಾಕು. ಎದೆಯ ನಡುವೆ ನೆಟ್ಟಗೆ ಇಟ್ಟು, ಮುಖ ಒಂದು ಕಡೆ ತಿರುಗಿಸಿ, ಮೂಗು ಬಾಯಿ ಮುಚ್ಚದಂತೆ ಮೆತ್ತನೆ ಸೀರೆಯಿಂದ ಕಟ್ಟಬೇಕು. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಬೇಡ, ಹೊಗೆ ಆ ಪುಟ್ಟ ಎದೆಗೆ ಒಳ್ಳೆಯದಲ್ಲ. ನೆಗಡಿ, ಕೆಮ್ಮು ಇದ್ದವರು ದೂರ ಇರಲಿ. ವೈನಿ ಊಟ, ಸ್ನಾನಕ್ಕೆ ಎದ್ದಾಗ ಅಣ್ಣ ಇಟ್ಟುಕೊಳ್ಳಲಿ, ನೀನೂ ಇಟ್ಟುಕೊಳ್ಳಬಹುದು. ಅಣ್ಣ ನಾಚಿಕೊಂಡರೆ ನನ್ನ ಹೆಸರು ಹೇಳಿ ಬೈಯಿ.

ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ಕಟ್ಟುವ ಸೀರೆ ಒಗೆದು, ಬಿಸಿಲಿಗೆ ಒಣಗಿಸಿ ಇಟ್ಟಿರು. ಹೇಗೆ ಕಟ್ಟಬೇಕು ಎಂದು ತೋರಿಸುತ್ತೇನೆ.

ನಿನ್ನ ಮಗಳು